ಹಗ್ಗ ಹಿಡಿದ ಕರಡಿ, ಬಕೆಟ್ಟು ಹಿಡಿದ ಕೋತಿ

ಬಿಳಿಗಲ್ಲು ಕಾಡಿನ ನಡುವೆ ಒಂದು ಸೇದುವ ಬಾವಿ ಇತ್ತು. ಯಾವ ಕಾಲದಲ್ಲೋ ಅಲ್ಲಿದ್ದ ಅರಣ್ಯದ ಗಾರ್ಡು ತೋಡಿಸಿ ಬಿಟ್ಟುಹೋದದ್ದು. ಅದಕ್ಕೆ ಇದ್ದದ್ದು ಒಂದೇ ಹಗ್ಗ, ಒಂದೇ ಬಕೆಟ್ಟು. ಬೇಸಿಗೆಯಲ್ಲಿ ಕೆರೆ ಒಣಗಿದರೆ ಇಡೀ ಕಾಡಿಗೆ ಆ ಬಾವಿಯೇ ಗತಿ. ನೀರು ಸೇದಿ ಕುಡಿದವರು ಹಗ್ಗವನ್ನು ಬಿಚ್ಚಿ ಕಂಬಕ್ಕೆ ಸುತ್ತಿ, ಬಕೆಟ್ಟನ್ನು ಕಟ್ಟೆಯ ಮೇಲೆ ಬೋರಲು ಹಾಕಿ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಕರಡಿ ಜೋಲಪ್ಪ ಕಂಬದ ಕಡೆಯಿಂದ ಓಡಿಬಂದ. ಕೋತಿ ಚಂಗವ್ವ ಕಟ್ಟೆಯ ಕಡೆಯಿಂದ ಹಾರಿಬಂದಳು. ಅವನು ಹಗ್ಗ ಹಿಡಿದ. ಇವಳು ಬಕೆಟ್ಟು ಹಿಡಿದಳು.

"ಚಂಗವ್ವ, ಆ ಬಕೆಟ್ಟು ಇಲ್ಲಿ ಕೊಡು. ನೀರು ಸೇದಬೇಕು" ಎಂದ ಜೋಲಪ್ಪ.

"ನೀನೇ ಹಗ್ಗ ಕೊಡು ಜೋಲಪ್ಪಣ್ಣ. ನಾನೂ ಸೇದೋಕೇ ಬಂದಿದ್ದು."

"ಹಗ್ಗ ಕೊಟ್ಟರೆ ನೀನು ಮೊದಲು ಕುಡಿದುಬಿಡ್ತೀಯ."

"ಬಕೆಟ್ಟು ಕೊಟ್ಟರೆ ನೀನು ಬಾವೀನೇ ಖಾಲಿ ಮಾಡಿಬಿಡ್ತೀಯ!"

"ಸರಿ, ನೀನು ಕೊಡೋವರೆಗೂ ಕಾಯ್ತೀನಿ."

"ನಾನೂ ಕಾಯ್ತೀನಿ."

ಹಗ್ಗವನ್ನು ತಬ್ಬಿಕೊಂಡು ಅವನು ಕುಳಿತ. ಬಕೆಟ್ಟನ್ನು ತಲೆಗೆ ಟೋಪಿಯಂತೆ ಹಾಕಿಕೊಂಡು ಇವಳು ಕುಳಿತಳು. ಬಿಸಿಲು ಏರಿತು. ಹಿಂದೆ ಸಾಲು ಬೆಳೆಯಿತು. ಜಿಂಕೆ, ಮೊಲ, ನರಿ, ಕಾಡುಹಂದಿ ಎಲ್ಲರೂ ನಾಲಿಗೆ ಚಾಚಿಕೊಂಡು ನಿಂತರು. ಒಬ್ಬರಿಗೂ ಒಂದು ತೊಟ್ಟು ನೀರಿಲ್ಲ!

ಮಕ್ಕಳೇ, ಕಂಪ್ಯೂಟರು ಕೆಲವೊಮ್ಮೆ ಕಲ್ಲಾಗಿ ಕುಳಿತುಬಿಡುತ್ತದೆ, ಕೀಲಿಮಣೆ ಎಷ್ಟು ಕುಟ್ಟಿದರೂ ಅಲುಗುವುದಿಲ್ಲ, ನೋಡಿದ್ದೀರಲ್ಲ? ಅದರೊಳಗೆ ಪ್ರಿಂಟರು ನಡೆಸಲು ಒಬ್ಬ, ಡಿಸ್ಕು ನಡೆಸಲು ಒಬ್ಬ ಎಂದು ಡ್ರೈವರುಗಳೆಂಬ ಕೆಲಸಗಾರರಿರುತ್ತಾರೆ. ಅವರಲ್ಲೂ ಒಮ್ಮೊಮ್ಮೆ ಒಬ್ಬ ಜೋಲಪ್ಪ, ಒಬ್ಬಳು ಚಂಗವ್ವ ಹೀಗೆ ಎದುರುಬದುರು ಕುಳಿತುಬಿಡುತ್ತಾರೆ. ಆಮೇಲೆ ಯಾರ ಕೆಲಸವೂ ಇಲ್ಲ.

ಸಾಲಿನಲ್ಲಿ ಮುಳ್ಳುಹಂದಿ ಚುಚ್ಚಯ್ಯನೂ ಇದ್ದ. ಅವನಿಗೆ ತಾಳ್ಮೆ ಕಡಿಮೆ. "ನೀರಾದರೂ ಇದೆಯೋ ಇಲ್ಲವೋ ನೋಡ್ತೀನಿ" ಎಂದು ಕಟ್ಟೆ ಹತ್ತಿ ಬಗ್ಗಿದ. ಇನ್ನೂ ಸ್ವಲ್ಪ ಬಗ್ಗಿದ.

ದುಡುಂ!

"ಅಯ್ಯಯ್ಯೋ! ಬಿದ್ದೆ! ನೀರಿದೆ, ತುಂಬಾನೇ ಇದೆ!" ಬಾವಿಯೊಳಗಿಂದ ಕೂಗು ಬಂತು. ಎಲ್ಲರೂ ಇಣುಕಿದರು. ಚುಚ್ಚಯ್ಯ ನೀರಿನಲ್ಲಿ ಮುಳುಗೆದ್ದು ಗೋಡೆಯ ಒಂದು ಬೇರಿಗೆ ನೇತುಬಿದ್ದಿದ್ದ. ಬೇರು ಚಟ್ ಚಟ್ ಎನ್ನುತ್ತಿತ್ತು. "ಹಗ್ಗ ಹಿಡಿದು ಹತ್ತೋಕೆ ನನಗೆ ಬರಲ್ಲ! ಬಕೆಟ್ಟು ಬಿಡಿ, ಕೂತ್ಕೋತೀನಿ! ಬೇಗ!"

ಜೋಲಪ್ಪ ದಡಕ್ಕನೆ ಎದ್ದ. ಚಂಗವ್ವ ತಲೆಯ ಮೇಲಿನ ಬಕೆಟ್ಟು ಕಿತ್ತು ಕೈಗೆ ತೆಗೆದುಕೊಂಡಳು. ಇಬ್ಬರೂ ಕೆಟ್ಟವರಲ್ಲ, ಪಾಪ.

"ತಗೋ ಚಂಗವ್ವ, ನೀನೇ ಎತ್ತು!" ಎಂದು ಅವನು ಹಗ್ಗ ಎಸೆದ.

"ತಗೋ ಜೋಲಪ್ಪಣ್ಣ, ನೀನೇ ಎತ್ತು!" ಎಂದು ಅದೇ ಕ್ಷಣಕ್ಕೆ ಇವಳು ಬಕೆಟ್ಟು ಎಸೆದಳು.

ಈಗ ಹಗ್ಗ ಚಂಗವ್ವನ ಕೈಯಲ್ಲಿ, ಬಕೆಟ್ಟು ಜೋಲಪ್ಪನ ಕೈಯಲ್ಲಿ!

"ಅರೆ, ಹಗ್ಗ ಎಲ್ಲಿ?"

"ಅಯ್ಯೋ, ಬಕೆಟ್ಟು ಎಲ್ಲಿ?"

ಮತ್ತೆ ಇಬ್ಬರೂ ಒಟ್ಟಿಗೆ ಎಸೆದರು. ಹಗ್ಗ ಅತ್ತ, ಬಕೆಟ್ಟು ಇತ್ತ. ಮತ್ತೆ ಎಸೆದರು. ಬಕೆಟ್ಟು ಅತ್ತ, ಹಗ್ಗ ಇತ್ತ. ಮೊಲ ನಗು ತಡೆಯಲಾರದೆ ಕಿವಿಯಿಂದ ಬಾಯಿ ಮುಚ್ಚಿಕೊಂಡಿತು.

"ಎಸೀಬೇಡಿ, ಕೆಳಗಿಡಿ!" ಎಂದು ನರಿ ಕಿರುಚಿತು. ಇಬ್ಬರೂ ಕೆಳಗಿಟ್ಟರು. ಬಕೆಟ್ಟು ಖಾಲಿ ಬಿದ್ದಿದೆ, ಯಾರೂ ಹಿಡಿದಿಲ್ಲ ಎಂದು ಜೋಲಪ್ಪ ನೋಡಿದ. ಚಂಗವ್ವನೂ ಅದನ್ನೇ ನೋಡಿದಳು. ಇಬ್ಬರೂ ಒಮ್ಮೆಲೇ ನೆಗೆದರು.

ಢಂ! ತಲೆಗೆ ತಲೆ. ಬಕೆಟ್ಟು ಗಡಗಡ ಉರುಳಿ ಇಳಿಜಾರಿನಲ್ಲಿ ಹೊರಟೇಹೋಯಿತು. ಕಾಡುಹಂದಿ ಅಟ್ಟಿಸಿಕೊಂಡು ಹೋಗಿ ಮೂತಿಯಲ್ಲಿ ನೂಕಿ ತಂದು ಕಟ್ಟೆಯ ಮೇಲಿಟ್ಟಿತು.

ಒಳಗೆ ಬೇರು ಇನ್ನೊಮ್ಮೆ ಚಟ್ ಎಂದಿತು. ಚುಚ್ಚಯ್ಯನಿಗೆ ಜೀವ ಬಾಯಿಗೆ ಬಂತು. ಆ ಭಯದಲ್ಲೇ ಅವನ ಬುದ್ಧಿ ಚುರುಕಾಯಿತು.

"ಎಲ್ಲರೂ ನಿಲ್ಲಿ! ನಾನು ಹೇಳಿದ ಹಾಗೆ ಮಾಡಿ! ಮೊದಲು ಹಗ್ಗ, ಆಮೇಲೆ ಬಕೆಟ್ಟು! ಹಗ್ಗ ಸಿಕ್ಕವರು ಮಾತ್ರ ಬಕೆಟ್ಟು ಮುಟ್ಟಬೇಕು. ಸಿಗದವರು ಕೈ ಕಟ್ಟಿ ನಿಂತ್ಕೊಳ್ಳಿ!"

ಹಗ್ಗ ಜೋಲಪ್ಪನ ಕಾಲ ಬಳಿಯೇ ಇತ್ತು. ಅವನು ಎತ್ತಿಕೊಂಡ. ಚಂಗವ್ವನ ಕೈ ಬಕೆಟ್ಟಿನತ್ತ ತಾನಾಗಿಯೇ ಚಾಚಿತು. ಅವಳು "ಛೀ, ಸುಮ್ಮನಿರು" ಎಂದು ಕೈಗೇ ಬೈದು, ಎರಡೂ ಕೈಗಳ ಮೇಲೆ ಕುಳಿತುಬಿಟ್ಟಳು.

ಜೋಲಪ್ಪ ನಿಧಾನವಾಗಿ ಹೋಗಿ ಬಕೆಟ್ಟು ತಂದು, ಗಂಟು ಹಾಕಿ, ರಾಟೆಗೆ ಏರಿಸಿ ಇಳಿಬಿಟ್ಟ. ಬೇರು ಮುರಿಯಿತು. ಚುಚ್ಚಯ್ಯ ದೊಪ್ಪೆಂದು ಬಿದ್ದದ್ದು ಬಕೆಟ್ಟಿನೊಳಕ್ಕೇ!

"ಎಳೀರಿ!"

ಕಿರ್ ಕಿರ್ ಎಂದು ರಾಟೆ ತಿರುಗಿತು. ಮುಳ್ಳೆಲ್ಲ ಒದ್ದೆಯಾಗಿ ಹಳೇ ಪೊರಕೆಯಂತಾಗಿದ್ದ ಚುಚ್ಚಯ್ಯ ಮೇಲೆ ಬಂದ. ಜೋಲಪ್ಪ ಸಂತೋಷ ತಾಳಲಾರದೆ ಅವನನ್ನು ಗಟ್ಟಿಯಾಗಿ ಅಪ್ಪಿಕೊಂಡ. ಮರುಕ್ಷಣವೇ "ಅಮ್ಮಾ!" ಎಂದು ಕುಣಿಯತೊಡಗಿದ.

ಆಮೇಲೆ ಹಗ್ಗ ಕಂಬಕ್ಕೆ ಹೋಯಿತು, ಬಕೆಟ್ಟು ಕಟ್ಟೆಗೆ ಹೋಯಿತು. ಸಾಲು ಹೊಸದಾಗಿ ನಿಂತಿತು. ಮುಂದೆ ಬಂದವರು ಮೊದಲು ಹಗ್ಗ, ಆಮೇಲೆ ಬಕೆಟ್ಟು ಹಿಡಿಯುವುದು. ಕುಡಿದಾದ ಮೇಲೆ ಎರಡನ್ನೂ ತಿರುಗಿ ಇಡುವುದು. ನೆತ್ತಿಯ ಸೂರ್ಯ ಇಳಿಯುವಷ್ಟರಲ್ಲಿ ಇಡೀ ಕಾಡು ನೀರು ಕುಡಿದಿತ್ತು.

"ಚುಚ್ಚಯ್ಯ, ಉಪಾಯ ಹೇಳಿದವನು ನೀನು. ನೀನೊಬ್ಬ ಕುಡೀಲೇ ಇಲ್ಲವಲ್ಲ?" ಎಂದಳು ಚಂಗವ್ವ ಮರುಕದಿಂದ.

ಚುಚ್ಚಯ್ಯ ಡೊಳ್ಳಾಗಿದ್ದ ಹೊಟ್ಟೆ ಸವರಿಕೊಂಡು ಒಂದು ದೊಡ್ಡ ತೇಗು ತೇಗಿದ. "ಬಿದ್ದಾಗಲೇ ಕುಡಿದಾಯ್ತು ತಾಯಿ. ಇವತ್ತು ಎಲ್ಲರಿಗಿಂತ ಮೊದಲು ಕುಡಿದವನು ನಾನೇ!"

ನೀತಿ: ಹಲವರು ಬಳಸುವ ವಸ್ತುಗಳನ್ನು ಎಲ್ಲರೂ ಒಂದೇ ಕ್ರಮದಲ್ಲಿ ತೆಗೆದುಕೊಂಡು, ಕೆಲಸ ಮುಗಿದೊಡನೆ ಬಿಟ್ಟುಕೊಡಬೇಕು, ಒಂದನ್ನು ಹಿಡಿದು ಇನ್ನೊಂದಕ್ಕೆ ಹಠ ಮಾಡಿದರೆ ಯಾರ ಕೆಲಸವೂ ಆಗದು.