ಮುಂಗೈ ಮೇಲಿನ ವಿಭೂತಿ

ಶಿವನ ದಯೆ ಯಾವ ಬೆಳಕಾಗಿ ಬರುತ್ತದೋ ಬಲ್ಲವರಿಲ್ಲ. ಮಲಪ್ರಭೆಯ ದಡದ ಒಂದು ಮಠದಲ್ಲಿ ಅದು ಪುಟ್ಟ ಹಸಿರು ಬೆಳಕಾಗಿ ಬಂತು.

ಆ ಮಠದ ಶಿಷ್ಯ ಮುರಿಗೆಪ್ಪ ಹೋದ ವರ್ಷ ಎದೆಯ ಕಾಯಿಲೆಯಿಂದ ಮಲಗಿ ಎದ್ದವನು. ಬದುಕಿದರೆ ಗುಡ್ಡದ ಮೇಲಿನ ಲಿಂಗಕ್ಕೆ ಹೊಳೆಯ ನೀರು ಹೊತ್ತು ತರುತ್ತೇನೆಂದು ಹರಕೆ ಮಾಡಿಕೊಂಡಿದ್ದ. ಡಾಕ್ಟರು ಒಪ್ಪಿದ್ದರು: ಎದೆಬಡಿತ ನೂರಮೂವತ್ತರ ಹತ್ತಿರ ಬಂದರೆ ಕುಳಿತುಬಿಡಬೇಕು, ಅಷ್ಟೇ. ಅದನ್ನು ನೋಡಿಕೊಳ್ಳಲೆಂದೇ ಅವನ ಅಕ್ಕ ಕೈಗೆ ಕಟ್ಟುವ ಫಿಟ್‌ನೆಸ್ ವಾಚು ಕೊಡಿಸಿದ್ದಳು.

ಹರಕೆಯ ದಿನ ಬೆಳಗ್ಗೆ, ಪೂಜೆ ಮುಗಿದ ಮೇಲೆ, ಅವನು ತುಂಬಿದ ಕೊಡವನ್ನು ಗುರುಗಳ ಮುಂದಿಟ್ಟು ತಲೆ ತಗ್ಗಿಸಿದ.

“ಯಾಕಪ್ಪಾ, ನೀರು ಹೊಳಿಗೆ ವಾಪಸ್ ಹೊಂಟೈತೇನು?” ಎಂದರು ಗುರು ಮರುಳಯ್ಯನವರು.

“ನನ್ನಿಂದ ಆಗೂದಿಲ್ರಿ ಅಜ್ಜಾರ. ಸುಮ್ಮನ ಕುಂತ್ರೂ ವಾಚು ನೂರಾಎಪ್ಪತ್ತು ತೋರಸ್ತೈತಿ.”

“ಎದಿ ನೋವೈತೇನು? ತಲಿ ತಿರಗತೈತೇನು?”

“ಏನೂ ಇಲ್ರಿ.”

“ಯಾವಾಗಲೂ ಹಿಂಗ ತೋರಸ್ತೈತೇನು?”

“ಇಲ್ರಿ. ಸಂಜಿಗೆ ಕೈಕಾಲು ತೊಳಕೊಂಡ ಮ್ಯಾಲ ಸರಿ ಇರ್ತೈತಿ. ಮುಂಜಾನೆ ಪೂಜಿಗೆ ಕುಂತಾಗಷ್ಟೇ ಹಿಂಗ.” ಅವನ ದನಿ ಸಣ್ಣದಾಯಿತು. “ದೇವರಿಗೇ ನಾ ಬ್ಯಾಡಾದೆನೇನೋ ಅನಸ್ತೈತ್ರಿ.”

“ದೇವರು ಅಂಥಾ ಮಾತು ವಾಚಿನ್ಯಾಗ ಹೇಳಿ ಕಳಸ್ತಾನೇನೋ ಹುಚ್ಚಾ?”

ಗುರುಗಳು ಅವನ ಕೊರಳ ಪಕ್ಕ ಎರಡು ಬೆರಳಿಟ್ಟು, ಗೋಡೆಯ ಗಡಿಯಾರ ನೋಡುತ್ತ ಪೂರಾ ಒಂದು ನಿಮಿಷ ಎಣಿಸಿದರು. ಎಪ್ಪತ್ತೆಂಟು.

“ನಿನ್ನ ಎದಿ ಸರಿ ಐತಿ. ವಾಚು ಬಿಚ್ಚು.”

ಬಿಚ್ಚಿದ. ಮುಂಗೈ ತುಂಬ ಮುಂಜಾನೆಯ ವಿಭೂತಿ, ಮೂರು ಬೆರಳಗಲ, ದಪ್ಪನಾಗಿ. ಸಡಿಲ ಪಟ್ಟಿಯ ವಾಚು ಅದರ ಮೇಲೆಯೇ ಜಾರಾಡುತ್ತಿತ್ತು. ವಾಚಿನ ಬೆನ್ನಿಗೆ ಬೂದಿ ಮೆತ್ತಿಕೊಂಡು, ಅಲ್ಲಿಯ ಹಸಿರು ಬೆಳಕು ಮಂಕಾಗಿ ಮಿನುಗುತ್ತಿತ್ತು.

“ಈ ಬೆಳಕಿಗೆ ಚರ್ಮದ ಕೆಳಗಿನ ರಕ್ತ ಕಾಣಬೇಕು. ಈಗ ಏನು ಕಾಣತೈತಿ?”

“ಬೂದಿ ರೀ.”

“ಒರಸು.”

ಮುರಿಗೆಪ್ಪ ಕೈ ಹಿಂದಕ್ಕೆಳೆದುಕೊಂಡ. “ವಿಭೂತಿ ರೀ ಅಜ್ಜಾರ. ಹರಕಿ ದಿನಾ ಹೆಂಗ ಒರಸಲಿ?”

ಗುರುಗಳು ತಮ್ಮ ಶಾಲಿನ ತುದಿಯನ್ನು ತಂಬಿಗೆಯಲ್ಲಿ ಅದ್ದಿ ಅವನ ಮುಂಗೈ ಒರೆಸಿದರು. ಬೂದಿ ಹತ್ತಿದ ಆ ತುದಿಯನ್ನು ಕಣ್ಣಿಗೊತ್ತಿಕೊಂಡು ತಮ್ಮ ಹಣೆಗೆ ಹಚ್ಚಿಕೊಂಡರು. ಆಮೇಲೆ ವಾಚಿನ ಬೆನ್ನನ್ನು ಶುಚಿ ಮಾಡಿ, ಮಣಿಕಟ್ಟಿನ ಎಲುಬಿಗಿಂತ ಎರಡು ಬೆರಳು ಮೇಲೆ, ಜಾರದಂತೆ ಕಟ್ಟಿದರು.

ಇಬ್ಬರೂ ವಾಚನ್ನೇ ನೋಡುತ್ತ ಕುಳಿತರು.

ವಾಚು ಎಪ್ಪತ್ತೊಂಬತ್ತು ಎಂದಿತು.

ಮುರಿಗೆಪ್ಪನ ಕಣ್ಣು ತುಂಬಿದವು.

“ಅಳೂದು ಆಮ್ಯಾಲ. ಕೊಡ ಎತ್ತು. ನಾನೂ ಬರ್ತೀನಿ.”

ಏರು ಕಡಿದಾದಲ್ಲಿ ವಾಚು ನೂರಿಪ್ಪತ್ತೆಂಟು ತೋರಿಸಿತು. ಮುರಿಗೆಪ್ಪ ಕೊಡವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ. ಪಕ್ಕದಲ್ಲಿ ಗುರುಗಳೂ ಕುಳಿತರು. ಬಡಿತ ಇಳಿಯಿತು. ಎದ್ದರು.

ಬಿಸಿಲೇರುವ ಮೊದಲೇ ಹೊಳೆಯ ನೀರು ಲಿಂಗದ ನೆತ್ತಿಯಿಂದ ಇಳಿಯಿತು. ಮುರಿಗೆಪ್ಪ ಗಂಟೆ ಬಾರಿಸಿದ ಸದ್ದು ಹೊಳೆಯ ಆಚೆ ದಡಕ್ಕೂ ಕೇಳಿತು. ಕಾಯಿಲೆ ಬಿದ್ದಂದಿನಿಂದ ನಗು ಮರೆತವನು ಅವತ್ತು ಬಾಯಿ ತುಂಬ ನಕ್ಕ.

“ನೋಡ್ರಿ ಅಜ್ಜಾರ, ದೇವರ ಮುಂದ ನಿಂತೀನಿ. ಎದಿ ಗಟ್ಟಿ ಐತಿ.”

ಗುರುಗಳು ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕುಳಿತಿದ್ದರು. ವಿಭೂತಿ ಹೊಳೆಯುವ ತಮ್ಮ ಮುಂಗೈಯನ್ನು ಶಿಷ್ಯನ ಮುಂದೆ ಚಾಚಿದರು.

“ಈಗ ನನಗ ಕಟ್ಟು. ಮೊದಲ ಒರಸು.”