ನಿದ್ದೆ ಬಂದ ಶಾಲೆ

"ಈ ಮೂರರಲ್ಲಿ ಯಾವ ಶಾಲೆ ಸೇರಲಿ, ಅಜ್ಜಾರ?"

ಆ ಮಧ್ಯಾಹ್ನ ಮಠದಲ್ಲಿ ಪರಿಸ್ಥಿತಿ ಗಂಭೀರವಾಗಿತ್ತು. ಶಿಯಾತ್ಸು ಎಂಬ ಜಪಾನಿನ ಒತ್ತುಚಿಕಿತ್ಸೆಯನ್ನು ಕಲಿಸುವ ಮೂರು ಶಾಲೆಗಳ ಮಾಹಿತಿ ಪುಸ್ತಿಕೆಗಳನ್ನು ಶಂಭುಲಿಂಗ ಕಟ್ಟೆಯ ಮೇಲೆ ಹರಡಿದ್ದ. ಎರಡನ್ನು ಓದಿ ಮುಗಿಸಿದ್ದ. ಮೂರನೆಯದರ ಮೇಲೆ ಮಠದ ಬೆಕ್ಕು ಮಲಗಿತ್ತು. ಅದನ್ನು ಎಬ್ಬಿಸಬಹುದೇ ಎಂಬ ವಿಷಯದಲ್ಲಿ ಹಿರಿಯ ಶಿಷ್ಯರಿಗೆ ಒಮ್ಮತವಿರಲಿಲ್ಲ. ಕೊನೆಗೆ ಶಾಲೆ ಆರಿಸುವ ಪ್ರಶ್ನೆಯೇ ಗುರುಗಳವರೆಗೆ ಹೋಯಿತು. ಊರಿಗೆಲ್ಲ ಅವರು ಅಜ್ಜಾರು.

ಶಂಭುಲಿಂಗನಿಗೆ ಮೂವತ್ನಾಲ್ಕು ವರ್ಷ. ಎಂಟು ವರ್ಷಗಳಿಂದ ದಿನವೂ ಊಟವಾದ ಮೇಲೆ ಅವನು ಅಜ್ಜಾರ ಕಾಲು ಒತ್ತುತ್ತ ಬಂದಿದ್ದ. ಒತ್ತಿಸಿಕೊಳ್ಳುತ್ತ ಅಜ್ಜಾರು ಒಂದು ಕತೆ ಹೇಳುತ್ತಿದ್ದರು. ಕತೆ ಎಂದೂ ಮುಗಿಯುತ್ತಿರಲಿಲ್ಲ. ರೈತ ಬಾವಿಯ ತಳ ಮುಟ್ಟುವ ಹೊತ್ತಿಗೆ, ಕಳ್ಳ ಬಾಗಿಲು ತೆರೆಯುವ ಹೊತ್ತಿಗೆ ಅವರ ದನಿ ತೆಳುವಾಗಿ ನಿಂತುಬಿಡುತ್ತಿತ್ತು. ಕಣ್ಣುಗಳು ಮುಚ್ಚಿರುತ್ತಿದ್ದವು. ಕತೆಯ ಕೊನೆಯನ್ನು ಕೇಳುಗರೇ ಕಂಡುಕೊಳ್ಳಬೇಕೆಂಬುದು ಗುರುಗಳ ಬೋಧನಾಕ್ರಮವೆಂದು ಶಿಷ್ಯರು ತೀರ್ಮಾನಿಸಿದ್ದರು. ಈ ಬಗ್ಗೆ ಮಠದಲ್ಲಿ ಎರಡು ನೋಟ್‌ಬುಕ್ಕಿನಷ್ಟು ವ್ಯಾಖ್ಯಾನವಿತ್ತು. ಎರಡನೆಯದನ್ನು ಬರೆದವನು ಶಂಭುಲಿಂಗನೇ.

ಅವನ ಅಕ್ಕ ನೀಲವ್ವ ಮಠದ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿದು ಬಡಿದು ಅವಳ ಬಲ ಹೆಗಲು ಹಿಡಿದುಕೊಂಡಿತ್ತು. ಮೂರು ತಿಂಗಳಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಹೀಗೇ ಆದರೆ ದೀಪಾವಳಿಗೆ ಒಲೆ ಆರಿಸಿ ಬಾಗಿಲು ಹಾಕುವುದೆಂದು ಹೇಳಿಬಿಟ್ಟಿದ್ದಳು. ಶಂಭುಲಿಂಗ ಶಿಯಾತ್ಸು ಕಲಿಯಲು ಹೊರಟದ್ದು ಅವಳಿಗಾಗಿ. ಆದರೆ ಅವಳ ಹೆಗಲನ್ನು ಒಮ್ಮೆಯೂ ಮುಟ್ಟಿರಲಿಲ್ಲ. ವಿಧಿವತ್ತಾಗಿ ಕಲಿಯದವರು ಒತ್ತಬಾರದೆಂದು ಮೊದಲ ಪುಸ್ತಿಕೆಯ ನಾಲ್ಕನೆಯ ಪುಟದಲ್ಲಿ ಅಚ್ಚಾಗಿತ್ತು.

"ನೀ ಕಲ್ತು ಬರೋದ್ರಾಗ ಈ ಹೆಗಲು ಬಿಚ್ಚಿ ಗೂಟಕ್ಕ ಹಾಕಿರ್ತೀನಿ. ಬಂದು ಆರಾಮ ಒತ್ತಕೋತ ಕೂಡು," ಎಂದಿದ್ದಳು ಅಕ್ಕ.

ಅಜ್ಜಾರು ಪುಸ್ತಿಕೆಗಳನ್ನು ನೋಡಲಿಲ್ಲ. ಚಾಪೆಯ ಮೇಲೆ ಒರಗಿ ಕಾಲು ಚಾಚಿದರು. ಶಂಭುಲಿಂಗ ಎಂದಿನಂತೆ ಒತ್ತತೊಡಗಿದ. ಅವರು ಕತೆ ಶುರುಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಅವನ ತಾಯಿಗೆ ನಿದ್ದೆ ಬರುತ್ತಿರಲಿಲ್ಲ. ಒತ್ತುವ ವಿದ್ಯೆ ಕಲಿತು ತಾನೇ ಅವಳನ್ನು ಮಲಗಿಸಬೇಕೆಂದು ಅವನು ಹೊರಟ. ಹಿಡಿ ಹುರುಳಿಯನ್ನೂ ಕಚ್ಚಿ ನೋಡದೆ ಕೊಳ್ಳುವವನಲ್ಲ. ಹಾಗಾಗಿ ಹನ್ನೆರಡು ಪ್ರಶ್ನೆಗಳನ್ನು ಬರೆದುಕೊಂಡ. ಎಷ್ಟು ತಿಂಗಳು ಕಲಿಸುತ್ತೀರಿ, ಗುರುವಿನ ಗುರು ಯಾರು, ಕೊನೆಗೆ ಕೊಡುವ ಪತ್ರದ ಮೇಲೆ ಯಾರ ಮುದ್ರೆ ಇರುತ್ತದೆ, ಹೀಗೆ.

ಮೊದಲ ಶಾಲೆಯ ಗುರು ಹನ್ನೆರಡಕ್ಕೂ ಉತ್ತರ ಕೊಟ್ಟ. ವ್ಯಾಪಾರಿ ಕೇಳಲು ಮರೆತ ಇನ್ನೆರಡಕ್ಕೂ ಕೊಟ್ಟ. ಎರಡನೆಯ ಶಾಲೆಯಲ್ಲಿ ಗೋಡೆಯ ಮೇಲೆ ಮನುಷ್ಯನ ಚಿತ್ರವಿತ್ತು. ಮೈತುಂಬ ಚುಕ್ಕೆಗಳಿದ್ದವು. ಕಲಿಯುವವರು ಒಂದೊಂದು ಚುಕ್ಕೆಯ ಹೆಸರನ್ನೂ ತಪ್ಪದೆ ಹೇಳಿದರು. ಅಲ್ಲಿ ಹತ್ತು ಉತ್ತರ ಸಿಕ್ಕವು.

ಮೂರನೆಯ ಶಾಲೆ ಕೆರೆಯ ದಂಡೆಯಲ್ಲಿತ್ತು. ಕಲಿಸುವವಳು ಒಬ್ಬ ಮುದುಕಿ. "ನಡೆದು ಬಂದಿದ್ದೀಯ, ಮೊದಲು ಮಲಗು. ಆಮೇಲೆ ಕೇಳುವಿಯಂತೆ," ಎಂದಳು. ವ್ಯಾಪಾರಿ ಬೋರಲಾಗಿ ಮಲಗಿದ. ಅವಳು ಅವನ ಬೆನ್ನಿನ ಮೇಲೆ ಅಂಗೈ ಇಟ್ಟು ಸುಮ್ಮನೆ ತನ್ನ ಭಾರ ಬಿಟ್ಟಳು. ಅವನು ಮೊದಲ ಪ್ರಶ್ನೆ ತೆಗೆದ. ಪ್ರಶ್ನೆಯ ನಡುವೆಯೇ ಕೆರೆಯ ನೀರು ಮೆಲ್ಲಗೆ ಅವನ ಅಂಗಡಿಯೊಳಗೆ ಬಂತು. ತಕ್ಕಡಿ ದೋಣಿಯಾಯಿತು. ಒಂದು ತಟ್ಟೆಯಲ್ಲಿ ಅವನಿದ್ದ, ಇನ್ನೊಂದರಲ್ಲಿ ಅವನ ತಾಯಿ. ಎರಡೂ ಸಮವಾಗಿ ತೇಲಿದವು. ಕಣ್ಣು ಬಿಟ್ಟಾಗ ಬಿಸಿಲು ಆಚೆ ದಂಡೆಗೆ ಹೋಗಿತ್ತು. ಮುದುಕಿ ರಾಗಿ ಕೇರುತ್ತಿದ್ದಳು.

ಮರುದಿನ ಮತ್ತೆ ಹೋದ. ಮತ್ತೆ ಅದೇ ನೀರು, ಅದೇ ದೋಣಿ. ಮೂರನೆಯ ದಿನ ಮಲಗುವುದಿಲ್ಲವೆಂದು ಹಟ ಹಿಡಿದು ನೆಟ್ಟಗೆ ಕೂತ. ಅವಳು ಅವನ ಅಂಗೈಯನ್ನಷ್ಟೇ ಒತ್ತಿದಳು. ಕೂತಲ್ಲೇ ತೂಕಡಿಸಿ ಅವಳ ಮೊರದೊಳಗೆ ಬಿದ್ದ.

ಮನೆಗೆ ಬಂದು ಪಟ್ಟಿ ನೋಡಿದ. ಮೂರನೆಯ ಶಾಲೆಯ ಎದುರು ಹನ್ನೆರಡು ಜಾಗಗಳೂ ಖಾಲಿ ಇದ್ದವು. ಮೂರು ದಿನ ಅಲೆದರೂ ಒಂದು ಉತ್ತರವಿಲ್ಲ. ಅದನ್ನು ಹೊಡೆದುಹಾಕಿ ಮೊದಲ ಶಾಲೆ ಸೇರಿದ. ಎರಡು ವರ್ಷ ಶ್ರದ್ಧೆಯಿಂದ ಕಲಿತ. ಮುದ್ರೆ ಒತ್ತಿದ ಪತ್ರ ತಂದು ತಾಯಿಯ ಹಾಸಿಗೆಯ ಎದುರಿನ ಗೋಡೆಗೆ ತೂಗುಹಾಕಿದ. ತಾಯಿಯನ್ನು ಮಲಗಿಸಿ ಕಲಿತಂತೆಯೇ ಒತ್ತಿದ. ಆಗ ತಾಯಿ...

ಅಜ್ಜಾರ ದನಿ ತೆಳುವಾಯಿತು. ನಿಂತಿತು.

ಎಂಟು ವರ್ಷಗಳಲ್ಲಿ ಶಂಭುಲಿಂಗ ಕತೆಯ ಕೊನೆ ಏನೆಂದು ಕೇಳಿದವನಲ್ಲ. ಕೇಳುವುದು ಶಿಷ್ಯಲಕ್ಷಣವಲ್ಲವೆಂದು ಅವನ ನೋಟ್‌ಬುಕ್ಕಿನಲ್ಲೇ ಇತ್ತು. ಇಂದು ಅವನಿಗೆ ಗೂಟಕ್ಕೆ ತೂಗುಹಾಕಿದ ಹೆಗಲು ಕಣ್ಣಿಗೆ ಕಟ್ಟಿತು. ಒತ್ತುವುದನ್ನು ಬಿಟ್ಟು ಎರಡೂ ಕೈ ಮೇಲೆತ್ತಿದ.

"ಅಜ್ಜಾರ, ಆ ತಾಯಿಗೆ ನಿದ್ದಿ ಬಂತೇನು?"

ಅಜ್ಜಾರು ಕಣ್ಣು ಬಿಟ್ಟರು. "ಎಲ್ಲೀ ನಿದ್ದಿ? ಗ್ವಾಡಿ ಮ್ಯಾಲಿನ ಪತ್ರ ಆಕಿಗೆ ಬಾಯಿಪಾಠ ಆತು."

ಶಂಭುಲಿಂಗ ಯೋಚನೆಗೆ ಬಿದ್ದ. ಯೋಚಿಸುತ್ತ, ರೂಢಿಯಂತೆ, ಇನ್ನೊಂದು ಕಾಲಿಗೆ ಕೈ ಹಾಕಿದ. "ಹಂಗಾರ ನಾ ಯಾವ ಶಾಲೆ..."

"ಕೈ ತಗೀ ತಮ್ಮಾ," ಎಂದರು ಅಜ್ಜಾರು ಆಕಳಿಸುತ್ತ. "ಎಂಟು ವರ್ಷದಾಗ ನಾ ಪೂರಾ ಹೇಳಿದ ಕತೆ ಇದೊಂದ, ಅದೂ ನೀ ಕೈ ಎತ್ತಿದ್ದಕ್ಕ."

ಶಂಭುಲಿಂಗ ಕೈ ತೆಗೆದ. ತನ್ನ ಕೈಗಳನ್ನು ನೋಡಿಕೊಂಡ. ಅಜ್ಜಾರು ಅಷ್ಟರಲ್ಲಿ ಮಲಗಿದ್ದರು. ಬೆಕ್ಕು ಮಲಗಿಯೇ ಇತ್ತು. ಅವನು ಪುಸ್ತಿಕೆಗಳನ್ನು ಅಲ್ಲಿಯೇ ಬಿಟ್ಟು ಹಿಂದಿನ ಓಣಿಗೆ ನಡೆದ.

ಮುಂದಿನ ತಿಂಗಳು ಅವನು ಆ ಮೂರು ಶಾಲೆಗಳಿಗೂ ಹೋಗಿ, ಒಂದೊಂದರಲ್ಲೂ ಒಂದು ಮಧ್ಯಾಹ್ನ ಮಲಗಿ, ಒಂದನ್ನು ಆರಿಸಿಕೊಂಡು ಸೇರಿದ. ಅಲ್ಲಿ ಎಷ್ಟು ತಿಂಗಳು ಕಲಿಸುತ್ತಾರೆಂದು ಕೇಳಿದವರಿಗೆ ಅವನಿಂದ ಉತ್ತರ ಸಿಗಲಿಲ್ಲ.

ಪುಸ್ತಿಕೆಗಳನ್ನು ಬಿಟ್ಟು ಅವನು ಓಣಿಗೆ ನಡೆದ ಆ ದಿನ ಸಂಜೆ ಖಾನಾವಳಿಯಲ್ಲಿ ರೊಟ್ಟಿ ಇರಲಿಲ್ಲ. ಬಂದವರಿಗೆ ಅನ್ನ ಬಡಿಸಿದರು. ನೀಲವ್ವ ಮಲಗಿದ್ದಳು.