ಒಂಟಿಮಡು ಮತ್ಸ್ಯತೀರ್ಥವಾದ ವೃತ್ತಾಂತ

ಕಾಡಿಗೂ ನಾಡಿಗೂ ನಡುವೆ ಗಡಿಕಲ್ಲು ನೆಡದಿದ್ದ ಪುರಾತನ ಕಾಲದಲ್ಲಿ, ಪಾಪಹಾರಿಣಿಯಾದ ಶಂಖಿನೀ ನದಿಯು ಎರಡು ಹೆಬ್ಬಂಡೆಗಳ ಇಕ್ಕಟ್ಟಿನಲ್ಲಿ ನುಸುಳಿ ಆಳವಾದ ಮಡುವಾಗಿ ನಿಲ್ಲುವ ಈ ತಾಣದಲ್ಲಿ, ಮಾಚಗನೆಂಬ ಬೆಸ್ತನು ಪತ್ನಿ ಗುಜ್ಜವ್ವೆಯೊಡನೆ ವಾಸವಾಗಿದ್ದನು. ಮುಂಗಾರಿನ ಕೆನ್ನೀರು ಇಳಿದೊಡನೆ ತತ್ತಿಯಿಡಲು ಮೇಲೇರಿ ಬರುವ ಮತ್ಸ್ಯಸಮೂಹವನ್ನು ಆ ಇಕ್ಕಟ್ಟಿಗೇ ಬಲೆಗಟ್ಟಿ ಹಿಡಿಯುವುದರಲ್ಲಿ ಅವನಿಗೆ ಸರಿಸಾಟಿಯಿರಲಿಲ್ಲ. “ಬಸುರಿಯರ ದಾರಿಗೆ ಅಡ್ಡ ನಿಲ್ಲಬೇಡ, ನಾಲ್ಕು ವಾರ ಬಲೆ ಒಣಗಲಿ” ಎಂದು ಗುಜ್ಜವ್ವೆ ಬೇಡಿಕೊಂಡರೂ ಅವನು ನಕ್ಕುಬಿಟ್ಟನು.

ವರ್ಷಗಳುರುಳಿದಂತೆ ಹೊಳೆ ಮೀನಿಲ್ಲದೆ ಬರಿದಾಯಿತು. ಮೊದಲು ನೀರುನಾಯಿಗಳು ಹೋದವು, ಬಳಿಕ ಬೆಳ್ಳಕ್ಕಿಗಳು. ಕಡೆಗೆ ಬೆಸ್ತರ ಗುಡಿಸಲುಗಳೂ ಒಂದೊಂದಾಗಿ ತೆರವಾಗಿ, ಗುಜ್ಜವ್ವೆಯೂ ಎರಡು ವರ್ಷದ ಮಗನನ್ನು ಕಂಕುಳಲ್ಲಿಟ್ಟುಕೊಂಡು ತವರಿಗೆ ನಡೆದಳು. ನಾಚಿಕೆಯಿಂದ ಮಾಚಗನು ಹಿಂಬಾಲಿಸಲಿಲ್ಲ. ಮಾತಾಡಲು ನರಪಿಳ್ಳೆಯಿಲ್ಲದೆ, ತನ್ನ ದನಿ ಹೇಗಿತ್ತೆಂಬುದೇ ಅವನಿಗೆ ಮರೆತುಹೋಗತೊಡಗಿತು.

ಹೀಗಿರಲೊಂದು ಮಳೆಗಾಲದ ಮುಂಜಾನೆ, ಮೂರು ದಿನ ಉಪವಾಸವಿದ್ದ ಅವನ ಬಲೆಗೆ ಸುವರ್ಣವರ್ಣದ ಒಂದೇ ಒಂದು ಮೀನು ಬಿತ್ತು. ಎತ್ತಿದಾಗ ತತ್ತಿಗಳು ಅಂಗೈಗೆ ಉದುರಿದವು. ಹಿಂದೆ ಮುಂದೆ ಜೊತೆಯಿಲ್ಲದೆ ಅಷ್ಟು ದೂರ ಈಜಿ ಬಂದ ಆ ಜೀವವನ್ನು ಕಂಡು, ಬಹುಕಾಲದ ಮೇಲೆ ತನ್ನ ಬಾಗಿಲಿಗೆ ಬಂದ ನೆಂಟಳು ಇವಳೊಬ್ಬಳೇ ಎನ್ನಿಸಿ, ಅವನು ಅದನ್ನು ಮೆಲ್ಲನೆ ನೀರಿಗಿಳಿಸಿದನು.

ಆಗ ಮಡುವಿನ ಗರ್ಭದಿಂದ ನದೀಮಾತೆಯ ವಾಣಿ ಕೇಳಿಬಂತು: “ವತ್ಸಾ, ಇವಳ ಸಂತತಿ ಹೊಳೆ ತುಂಬುವುದು. ಹಿಡಿಯಬಲ್ಲವನೇ ಕಾಯಬಲ್ಲನು. ಈ ಮಡುವಿಗೆ ಬಲೆ ಬೀಳದಂತೆ ನೋಡಿಕೋ; ಇಲ್ಲಿ ಹುಟ್ಟಿ ಕೆಳಗಿಳಿಯುವುದು ನಿನ್ನ ಕುಲಕ್ಕೆ ಅನ್ನವಾಗಲಿ.”

ಅಂದಿನಿಂದ ಮಾಚಗನು ಗೆಡ್ಡೆಗೆಣಸು ತಿಂದು, ಹದಿನೆಂಟು ಮಳೆಗಾಲ ಬಂಡೆಯ ಮೇಲೆ ಏಕಾಂಗಿಯಾಗಿ ಕಾವಲು ಕುಳಿತನು. ಹೊಳೆ ತುಂಬಿದ ಸುದ್ದಿ ಕೇಳಿ ಬೆಸ್ತರು ಮರಳಿದರು. ಅವರಲ್ಲೊಬ್ಬ ತರುಣನು ಬಲೆ ಹೊತ್ತು ಮಡುವಿನತ್ತ ಬರಲು, ಅವನ ಮುಖದಲ್ಲಿ ಗುಜ್ಜವ್ವೆಯ ಹುಬ್ಬುಗಳನ್ನು ಕಂಡು ಮಾಚಗನು ತನ್ನ ಮಗನೆಂದು ಅರಿತು ಬಂಡೆಯಿಂದೆದ್ದು ನಿಂತನು.

“ದಾರಿ ಬಿಡಜ್ಜಾ, ಮೀನೆಲ್ಲ ಇಲ್ಲೇ ಇದೆ.”

“ಇಲ್ಲಿ ಬೇಡಪ್ಪಾ. ಕೆಳಗೆ ಬೀಸು, ಬೇಕಾದಷ್ಟು ಸಿಗುತ್ತದೆ.” ಎಂದವನು ಕೇಳಿದನು: “ನಿನ್ನ ತಾಯಿ ಸುಖವಾಗಿದ್ದಾಳೆಯೇ?”

“ಇದ್ದಾಳೆ. ಅವಳನ್ನು ನೀನು ಬಲ್ಲೆಯಾ?”

ಕಾವಲು ಬಿಟ್ಟು ಹೋಗಲಾರದವನು ನಂಟು ಹೇಳಿಕೊಂಡು ಫಲವೇನೆಂದು ಮಾಚಗನು ಮತ್ತೆ ಕೆಳಹೊಳೆಯತ್ತ ಕೈ ತೋರಿದನು. ತರುಣನು ಬಲೆ ಹೊತ್ತು ಕೆಳಗಿಳಿದನು.

ಮಗನ ಮಾತು ಕೇಳಿದೊಡನೆ ಎಲ್ಲವನ್ನೂ ಅರಿತ ಗುಜ್ಜವ್ವೆಯು ಮರುದಿನವೇ ಅನ್ನದ ಗಡಿಗೆ ಹೊತ್ತು ಓಡಿಬಂದಳು. ಬಂಡೆಯ ಮೇಲೆ ಯಾರೂ ಇರಲಿಲ್ಲ. ಕೂತು ಕೂತು ಸವೆದ ಕುಳಿಯೊಂದಿತ್ತು, ಅದರಲ್ಲಿ ಮಳೆನೀರು ನಿಂತಿತ್ತು.

ಆ ಕುಳಿಯನ್ನು ಭಕ್ತರು ಇಂದಿಗೂ ದರ್ಶಿಸಬಹುದು. ಒಂಟಿಮಡುವಿನಲ್ಲಿ ಈಗಲೂ ಬಲೆ ಬೀಳುವುದಿಲ್ಲ. ಕೆಳಹೊಳೆಯ ಬೆಸ್ತರಿಗೆ ಮೀನಿನ ಬರವಿಲ್ಲ. ಪ್ರತಿ ಕಾರಹುಣ್ಣಿಮೆಯಂದು ಅವರ ಕುಲದ ಹಿರಿಯ ಮುತ್ತೈದೆಯು ಬಂಡೆಯ ಬಳಿ ಎಲೆ ಹಾಕಿ, ಅನ್ನ ಬಡಿಸಿ, ಮಡುವಿನತ್ತ ಮುಖಮಾಡಿ ಮೂರು ಬಾರಿ ಕರೆಯುತ್ತಾಳೆ: “ಊಟಕ್ಕೆ ಬನ್ನಿ.” ಬಳಿಕ, ಯಾರೂ ಬಾರದಿರಲು, ಆ ಅನ್ನವನ್ನು ಮೀನುಗಳಿಗೆ ಹಾಕುತ್ತಾಳೆ.